ಭುಜ ಒಂದೇ ದಿನಕ್ಕೆ ಕೈ ಕೊಡುವುದಿಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯ ರೂಪ)

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬಾರದೆ ಪ್ಲೇ ಒತ್ತಿದವರಿಗೆ, ಎಲ್ಲರಿಗೂ ಅಂಕೋಲೆಯಿಂದ ನಮಸ್ಕಾರ. ಹಿಂದುಗಡೆ ಸಣ್ಣಗೆ ಅಲೆ ಸದ್ದು ಕೇಳಿಸಿದ್ರೆ ಅದು ಸೌಂಡ್ ಎಫೆಕ್ಟ್ ಅಲ್ಲ, ನನ್ನ ಕೋಣೆಯ ಕಿಟಕಿ ಸರಿಯಾಗಿ ಮುಚ್ಚೋದಿಲ್ಲ.

ಶುರು ಮಾಡೋ ಮೊದಲು ಒಂದು ಸಣ್ಣ ಕೆಲಸ. ಫೋನ್ ಕೆಳಗಿಡಿ. ಬಲಗೈಯನ್ನು ಪಕ್ಕದಿಂದ ನಿಧಾನವಾಗಿ ಎತ್ತಿ, ತೋಳು ಕಿವಿಗೆ ತಾಗೋ ತನಕ. ಈಗ ಎಡಗೈ. ನೋವಿಲ್ಲದೆ ಆಯ್ತಾ? ಆಯ್ತು ಅಂದ್ರೆ ಪುಣ್ಯವಂತರು. 2025ರ ಜನವರಿಯಲ್ಲಿ ನನಗೆ ಆಗ್ತಿರಲಿಲ್ಲ. ಬಲಗೈ ಭುಜದ ಮಟ್ಟಕ್ಕೆ ಬರೋ ಹೊತ್ತಿಗೆ ಒಳಗಿಂದ ಯಾರೋ ಚಿವುಟಿದ ಹಾಗೆ. ಶರ್ಟಿನ ತೋಳಿಗೆ ಕೈ ತೂರಿಸೋದಕ್ಕೆ ಅಮ್ಮನ್ನ ಕರೀಬೇಕಾಗಿತ್ತು. ಇಪ್ಪತ್ತೆಂಟು ವರ್ಷದ ಗಂಡಸು, ಮಾರಾಯ್ರೇ.

ಕಾರಣ? ಈಜು. ಇವತ್ತಿನ ಮಾತು ಅದರ ಬಗ್ಗೆ. ಮಳೆಗಾಲ ಮುಗಿದು ಸಮುದ್ರ ಶಾಂತ ಆಗ್ತಾ ಇದೆ, ಬೆಳಿಗ್ಗೆ ಬೆಳಿಗ್ಗೆ ನೀರಿಗೆ ಇಳಿಯೋರ ಸಂಖ್ಯೆ ಜಾಸ್ತಿ ಆಗ್ತಾ ಇದೆ. ಅವರೆಲ್ಲ ಇಳಿಯೋ ಮೊದಲೇ ಇದನ್ನ ಕೇಳಲಿ ಅಂತ ನನ್ನ ಆಸೆ. ಒಂದು ಮಾತು ಮೊದಲೇ ಹೇಳಿಬಿಡ್ತೇನೆ: ನಾನು ಡಾಕ್ಟರ್ ಅಲ್ಲ, ಬಿಕಾಂ. ಹೇಳೋದು ನನ್ನ ಫಿಸಿಯೋಥೆರಪಿಸ್ಟ್ ನನಗೆ ಕಲಿಸಿದ್ದು, ಆಮೇಲೆ ನಾನು ಕೂತು ಓದಿದ್ದು, ಮತ್ತೆ ನನ್ನ ಭುಜ ನನಗೆ ಪಾಠ ಮಾಡಿದ್ದು.

ನಾನು ಈಜಿಗೆ ಬಿದ್ದ ಕಥೆ ಇಲ್ಲಿಯವರಿಗೆ ಹೊಸದೇನಲ್ಲ. 2024ರ ಜುಲೈ 16. ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ನದಿಯ ತಳಕ್ಕೆ ಹೋದ ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಆ ಎರಡು ತಿಂಗಳು ನಾವು ಅಂಕೋಲೆಯವರು ನದಿ ದಡದಲ್ಲಿ ನಿಂತು ನೀರನ್ನೇ ನೋಡಿದ್ದೆವು. ಆಗಸ್ಟ್ 6ರ ನಡುರಾತ್ರಿ ದಾಟಿದ ಮೇಲೆ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅದರ ಜೊತೆ ನೀರಿಗೆ ಬಿದ್ದ ಲಾರಿಯ ಚಾಲಕ ಬದುಕಿ ಬಂದ. ಅವತ್ತು ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ನೀರಿನ ಪಕ್ಕದಲ್ಲೇ ಹುಟ್ಟಿ ಬೆಳೆದವನು ನಾನು, ನೆಟ್ಟಗೆ ನೂರು ಮೀಟರ್ ಈಜೋದಕ್ಕೆ ಬರ್ತದಾ?

ಬರ್ತಿತ್ತು, ಒಂಥರಾ. ಚಿಕ್ಕಂದಿನಲ್ಲಿ ಕಲಿತ ತಲೆ ಎತ್ತಿ ಕೈ ಬಡಿಯೋ ಈಜು, ಜೊತೆಗೆ ಹುಬ್ಬಳ್ಳಿಯಲ್ಲಿ ಓದುವಾಗ ಪೂಲ್‌ನಲ್ಲಿ ಕಲಿತ ಅರ್ಧಂಬರ್ಧ ಫ್ರೀಸ್ಟೈಲ್. ಉಳಿದದ್ದು ಯೂಟ್ಯೂಬ್. ನವೆಂಬರಿನಲ್ಲಿ ಶುರು ಮಾಡಿದೆ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಕಿಲೋಮೀಟರ್. ದಡಕ್ಕೆ ಸಮಾನಾಂತರವಾಗಿ, ಪಕ್ಕದಲ್ಲಿ ಪಾತಿ ದೋಣಿಯಲ್ಲಿ ಗೆಳೆಯ. ಎಷ್ಟು ಖುಷಿ ಅಂದ್ರೆ ಡಿಸೆಂಬರ್ ಬರೋ ಹೊತ್ತಿಗೆ ವಾರಕ್ಕೆ ಐದು ದಿನ, ದಿನಕ್ಕೆ ಎರಡು ಕಿಲೋಮೀಟರ್. ವಾಚ್‌ನ ಸ್ಕ್ರೀನ್‌ಶಾಟ್ ದಿನಾ ಸ್ಟೇಟಸ್‌ಗೆ. ಲೈಕ್ ಬರ್ತಿತ್ತು, ಭುಜ ಹೋಗ್ತಿತ್ತು.

ಈಗ ಬಿಕಾಂ ಬುದ್ಧಿ ಉಪಯೋಗಿಸಿ ಒಂದು ಲೆಕ್ಕ ಮಾಡೋಣ. 25 ಮೀಟರಿಗೆ ನಾನು ಸುಮಾರು 20 ಸಲ ಕೈ ಬೀಸ್ತೇನೆ, ಎರಡೂ ಕೈ ಸೇರಿ. ವಾರಕ್ಕೆ ಒಂದೂವರೆ ಕಿಲೋಮೀಟರ್ ಅಂದ್ರೆ 1,200 ಬೀಸು, ಒಂದು ಭುಜದ ಪಾಲಿಗೆ 600. ವಾರಕ್ಕೆ ಹತ್ತು ಕಿಲೋಮೀಟರ್ ಅಂದ್ರೆ? 8,000 ಬೀಸು, ಒಂದು ಭುಜಕ್ಕೆ 4,000. ಒಂದೇ ತಿಂಗಳಲ್ಲಿ 600ರಿಂದ 4,000. ಯಾವ ಅಂಗಡಿಯವನಾದ್ರೂ ಒಬ್ಬನೇ ಕೆಲಸದವನ ಮೇಲೆ ಸಂಬಳ ಹೆಚ್ಚಿಸದೆ ಇಷ್ಟು ಕೆಲಸ ಹೊರಿಸಿದ್ರೆ ಅವನು ಬಿಟ್ಟು ಹೋಗ್ತಾನೆ. ನನ್ನ ಭುಜವೂ ಅದನ್ನೇ ಮಾಡಿತು.

ಆದ್ರೆ ಹೇಳದೆ ಕೇಳದೆ ಹೋಗಲಿಲ್ಲ. ಇದೇ ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು. ಭುಜ ಒಂದೇ ದಿನಕ್ಕೆ ಕೈ ಕೊಡೋದಿಲ್ಲ. ಮೊದಲು ಪಿಸುಗುಡ್ತದೆ. ಈಜಿ ಬಂದ ಮೇಲೆ ಭುಜದ ಮುಂದುಗಡೆ ಸಣ್ಣ ನೋವು, ಸಂಜೆಗೆ ಮಾಯ. ಆಮೇಲೆ ಮಾತಾಡ್ತದೆ. ಈಜುವಾಗಲೇ, ಕೈ ಮುಂದೆ ಚಾಚಿ ನೀರು ಹಿಡಿಯೋ ಕ್ಷಣದಲ್ಲಿ ನೋವು. ಆಮೇಲೆ ಕೂಗ್ತದೆ. ಆ ಬದಿಗೆ ಮಲಗಿದ್ರೆ ರಾತ್ರಿ ಎಚ್ಚರ ಆಗ್ತದೆ, ಹಿಂದಿನ ಜೇಬಿಗೆ ಕೈ ಹೋಗೋದಿಲ್ಲ. ನಾನು ಪಿಸುಮಾತಿಗೆ ಮುಲಾಮು ಹಚ್ಚಿದೆ, ಮಾತಿಗೆ ನೋವಿನ ಮಾತ್ರೆ ನುಂಗಿ ಮತ್ತೆ ನೀರಿಗೆ ಇಳಿದೆ. ಕೂಗಿದ್ದು ಸಮುದ್ರದ ಮಧ್ಯೆ.

ಜನವರಿಯ ಒಂದು ಬೆಳಿಗ್ಗೆ. ಗೆಳೆಯನಿಗೆ ಜ್ವರ, ದೋಣಿ ಇಲ್ಲ. ಒಬ್ಬನೇ ಹೋದೆ. ಈ ತಪ್ಪನ್ನ ನೀವು ಯಾವತ್ತೂ ಮಾಡಬೇಡಿ. ದಡದಿಂದ ಇನ್ನೂರು ಮೀಟರ್ ಆಚೆ ಇರಬಹುದು, ಬಲಗೈ ಎತ್ತಿದೆ, ಅದು ಬರಲಿಲ್ಲ. ನೋವಿಗಿಂತ ವಿಚಿತ್ರ ಅನುಭವ ಅದು. ಕೈ ಇದೆ, ಆದ್ರೆ ಮಾತು ಕೇಳೋದಿಲ್ಲ. ಒಂದೆರಡು ಗುಟುಕು ಉಪ್ಪುನೀರು ಕುಡಿದೆ. ಆಗ ಚಿಕ್ಕಂದಿನಲ್ಲಿ ಅಪ್ಪ ಹೇಳಿದ್ದು ನೆನಪಿಗೆ ಬಂತು: ಸೋತಾಗ ನೀರಿನ ಜೊತೆ ಜಗಳ ಆಡಬೇಡ, ಅದರ ಮೇಲೆ ಮಲಗು. ಅಂಗಾತ ಮಲಗಿದೆ. ಉಸಿರು ಹತೋಟಿಗೆ ಬರೋ ತನಕ ಆಕಾಶ ನೋಡಿದೆ. ಎರಡೂ ಕೈ ಪಕ್ಕಕ್ಕೆ ಇಟ್ಟು ಕಾಲಷ್ಟೇ ಬಡೀತಾ ದಡಕ್ಕೆ ಬಂದೆ. ಅವತ್ತು ಸೆಳೆತ ಇರಲಿಲ್ಲ. ಇದ್ದಿದ್ರೆ ಈ ಸಂಚಿಕೆ ಇರ್ತಿರಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಏನೂ ಹೇಳಲಿಲ್ಲ. ಸುಮ್ಮನೆ ತಮ್ಮ ಬಲಗೈ ಎತ್ತಿ ತೋರಿಸಿದರು. ಭುಜದ ಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಮೂವತ್ತು ವರ್ಷ ಏಂಡಿ ಬಲೆ ಎಳೆದ ಕೈ ಅದು. ಅವರು ಅಂಗಿಯನ್ನು ಗೋಡೆಯ ಗೂಟಕ್ಕೆ ಹಾಕದೆ ಯಾವಾಗಲೂ ಕುರ್ಚಿಯ ಮೇಲೆ ಹಾಕ್ತಿದ್ದರು. ಸೋಮಾರಿತನ ಅಂತ ನಾವೆಲ್ಲ ತಮಾಷೆ ಮಾಡ್ತಿದ್ದೆವು. ಕೈ ಏಳ್ತಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಅವತ್ತು.

ಮರುದಿನ ಇಬ್ಬರೂ ಕಾರವಾರದ ಬಸ್ ಹತ್ತಿದೆವು, ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ. ಅವರು ಭುಜ ಅಂದ್ರೆ ಏನು ಅಂತ ವಿವರಿಸಿದ ರೀತಿ ನನಗೆ ಇನ್ನೂ ನೆನಪಿದೆ. "ಶಾಲೆಯಲ್ಲಿ ಲಿಂಬೆಹಣ್ಣು ಚಮಚದ ಓಟ ಓಡಿದ್ದೀರಲ್ಲ? ಭುಜ ಅದೇ" ಅಂದ್ರು. ತೋಳಿನ ಮೂಳೆಯ ಗುಂಡನೆ ತಲೆ ಲಿಂಬೆಹಣ್ಣು, ಹೆಗಲ ಮೂಳೆಯ ಆಳವಿಲ್ಲದ ಗುಳಿ ಚಮಚ. ಸೊಂಟದ ಕೀಲು ಹಾಗಲ್ಲ, ಅಲ್ಲಿ ಬಟ್ಟಲು ಆಳ ಇದೆ, ಗಟ್ಟಿಯಾಗಿ ಕೂರ್ತದೆ. ಭುಜ ಎಲ್ಲಾ ದಿಕ್ಕಿಗೂ ತಿರುಗಬೇಕು, ಅದಕ್ಕೇ ಗುಳಿ ಆಳ ಇಲ್ಲ. ಹಾಗಾದ್ರೆ ಲಿಂಬೆಹಣ್ಣು ಬೀಳದ ಹಾಗೆ ಹಿಡಿಯೋದು ಯಾರು? ರೊಟೇಟರ್ ಕಫ್ ಅನ್ನೋ ನಾಲ್ಕು ಸಣ್ಣ ಸ್ನಾಯುಗಳು. ಅವುಗಳ ಜೊತೆ ಚಮಚವನ್ನೇ ಸರಿಯಾದ ಕೋನದಲ್ಲಿ ಹಿಡಿಯೋ ಬೆನ್ನಿನ ಸ್ನಾಯುಗಳು.

ಈಜುವಾಗ ನಮ್ಮನ್ನ ಮುಂದೆ ಎಳೆಯೋದು ಎದೆಯ ಮತ್ತು ಬೆನ್ನಿನ ಪಕ್ಕದ ದೊಡ್ಡ ಸ್ನಾಯುಗಳು. ಅವು ತೋಳನ್ನು ಒಳಕ್ಕೆ ತಿರುಗಿಸ್ತವೆ. ಈಜಿದಷ್ಟೂ ಅವು ಬಲ ಆಗ್ತವೆ. ಹೊರಕ್ಕೆ ತಿರುಗಿಸೋ ಸಣ್ಣ ಸ್ನಾಯುಗಳಿಗೆ ಅಷ್ಟು ವ್ಯಾಯಾಮ ಸಿಗೋದಿಲ್ಲ. ದೊಡ್ಡವರು ಎಳೆದ ಕಡೆ ಲಿಂಬೆಹಣ್ಣು ಜಾರ್ತದೆ, ಸ್ನಾಯುಗಳ ಕೊನೆಯ ಹಗ್ಗದಂಥ ಭಾಗಗಳು ಮತ್ತೆ ಮತ್ತೆ ಒತ್ತಡಕ್ಕೆ ಸಿಕ್ಕಿ ಕೆರಳ್ತವೆ. ದಣಿದಾಗ ಇದು ಇನ್ನೂ ಜಾಸ್ತಿ. ಇದಕ್ಕೆ 'ಸ್ವಿಮ್ಮರ್ಸ್ ಶೋಲ್ಡರ್' ಅನ್ನೋ ಹೆಸರು ಬಳಕೆಗೆ ಬಂದಿದ್ದು 1974ರಲ್ಲಿ, ಕೆನಡಾದ ಕೆನೆಡಿ ಮತ್ತು ಹಾಕಿನ್ಸ್ ಅನ್ನೋ ಇಬ್ಬರು ಮೂಳೆ ವೈದ್ಯರು ಬರೆದ ಲೇಖನದಿಂದ. ಅಂದ್ರೆ ನನ್ನ ಕಾಯಿಲೆಗೆ ಐವತ್ತು ವರ್ಷದ ಇತಿಹಾಸ ಇದೆ. ನಾನೇ ಮೊದಲನೆಯವನು ಅನ್ನೋ ಹಾಗೆ ಗಾಬರಿ ಆಗಿದ್ದೆ.

ಇನ್ನೊಂದು ವಿಷಯ. ಈಗ ನೀವು ಫೋನ್ ಹಿಡಿದು ಹೇಗೆ ಕೂತಿದ್ದೀರಿ? ಬೆನ್ನು ಬಾಗಿ, ಹೆಗಲು ಮುಂದೆ ಬಂದು? ನಾನೂ ಎಡಿಟಿಂಗ್ ಮಾಡ್ತಾ ದಿನಕ್ಕೆ ಏಳೆಂಟು ಗಂಟೆ ಹಾಗೇ ಕೂರ್ತೇನೆ. ಬೆನ್ನಿನ ಮೇಲ್ಭಾಗ ಬಿಗಿಯಾದ್ರೆ ಕೈ ಪೂರ್ತಿ ಮೇಲೆ ಹೋಗೋದಕ್ಕೆ ಕಷ್ಟ. ಅದೇ ಬಿಗಿ ಬೆನ್ನಿನಲ್ಲಿ ನೀರಿಗೆ ಇಳಿದು ಎರಡು ಸಾವಿರ ಸಲ ಕೈ ಚಾಚಿದ್ರೆ ಭಾರ ಯಾರ ತಲೆಗೆ? ಭುಜದ ತಲೆಗೆ.

ಸರಿ, ಹಾಗಾದ್ರೆ ಏನು ಮಾಡಬೇಕು? ಮೊದಲು ಈಜುವ ರೀತಿ. ನನ್ನ ವಿಡಿಯೋ ನೋಡಿ ಫಿಸಿಯೋ ನಾಲ್ಕು ತಪ್ಪು ಹಿಡಿದರು. ಒಂದು, ಕೈ ನೀರಿಗೆ ಇಳಿಯುವಾಗ ತಲೆಯ ಮುಂದೆ ಮಧ್ಯಗೆರೆ ದಾಟಿ ಆಚೆ ಹೋಗ್ತಿತ್ತು. ಭುಜದ ನೇರಕ್ಕೇ ಇಳಿಯಬೇಕು. ಎರಡು, ಹೆಬ್ಬೆರಳು ಮೊದಲು ಇಳೀತಿತ್ತು. ಹಾಗೆ ಮಾಡಿದ್ರೆ ತೋಳು ಅನಗತ್ಯವಾಗಿ ಒಳಕ್ಕೆ ತಿರುಚ್ತದೆ. ಅಂಗೈ ಕೆಳಮುಖವಾಗಿ, ಬೆರಳ ತುದಿಗಳು ಮೊದಲು ಇಳಿಯಲಿ. ಮೂರು, ಬರೀ ಎಡಕ್ಕೆ ತಿರುಗಿ ಉಸಿರು ತಗೊಳ್ತಿದ್ದೆ. ದೇಹ ಎರಡೂ ಬದಿಗೆ ಸಮನಾಗಿ ಹೊರಳಬೇಕು. ದೇಹ ಹೊರಳದಿದ್ರೆ ಆ ಕೆಲಸವನ್ನೂ ಭುಜವೇ ಮಾಡ್ತದೆ. ಎರಡೂ ಬದಿಗೆ ಉಸಿರು ತಗೊಳ್ಳೋದು ರೂಢಿ ಮಾಡ್ಕೊಳ್ಳಿ. ನಾಲ್ಕು, ನಮ್ಮ ಸಮುದ್ರದ ಹುಡುಗರ ಅಭ್ಯಾಸ, ದಡ ಕಾಣಲಿ ಅಂತ ತಲೆ ಎತ್ತಿಕೊಂಡೇ ಈಜೋದು. ತಲೆ ಎದ್ದರೆ ಸೊಂಟ ಮುಳುಗ್ತದೆ, ಮುಳುಗಿದ ದೇಹವನ್ನ ಎಳೆಯೋದು ಮತ್ತೆ ಭುಜ. ಏಳೆಂಟು ಬೀಸಿಗೊಮ್ಮೆ ಮಾತ್ರ ಕಣ್ಣು ಮೇಲೆತ್ತಿ ದಿಕ್ಕು ನೋಡಿದ್ರೆ ಸಾಕು. ಅಂದಹಾಗೆ ಆನ್‌ಲೈನ್‌ನಲ್ಲಿ ಸಿಗೋ ಹ್ಯಾಂಡ್ ಪ್ಯಾಡಲ್ ನೋಡಿ ಆಸೆ ಪಡಬೇಡಿ. ಅದು ಪ್ರತಿ ಬೀಸಿನ ಭಾರ ಹೆಚ್ಚಿಸ್ತದೆ, ಕಲಿಯೋರಿಗೆ ಅಲ್ಲ.

ಎರಡನೇದು ಬಲ. ಇದಕ್ಕೆ ಜಿಮ್ ಬೇಡ. ಸೈಕಲ್ ಅಂಗಡಿಯಿಂದ ಒಂದು ಹಳೇ ಟ್ಯೂಬ್ ತನ್ನಿ, ಉದ್ದಕ್ಕೆ ಕತ್ತರಿಸಿ, ತೊಳೆಯಿರಿ. ಅದೇ ನಮ್ಮ ರೆಸಿಸ್ಟೆನ್ಸ್ ಬ್ಯಾಂಡ್. ಕಿಟಕಿಯ ಸರಳಿಗೆ ಮೊಣಕೈ ಎತ್ತರದಲ್ಲಿ ಕಟ್ಟಿ. ಮೊದಲ ವ್ಯಾಯಾಮ: ಕಿಟಕಿಗೆ ಅಡ್ಡವಾಗಿ ನಿಂತು, ಕಿಟಕಿಯಿಂದ ದೂರ ಇರುವ ಕೈಯಲ್ಲಿ ಟ್ಯೂಬ್ ಹಿಡೀರಿ. ಮೊಣಕೈ ಬಾಗಿಸಿ ಪಕ್ಕೆಗೆ ಒತ್ತಿ, ನಡುವೆ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಹೊರಕ್ಕೆ ನಿಧಾನವಾಗಿ ತಿರುಗಿಸಿ, ಅಷ್ಟೇ ನಿಧಾನವಾಗಿ ವಾಪಸ್ ತನ್ನಿ. ಬಾಗಿಲು ತೆರೆದು ಮುಚ್ಚಿದ ಹಾಗೆ. ಎರಡನೇ ವ್ಯಾಯಾಮ: ಕಿಟಕಿಗೆ ಮುಖ ಮಾಡಿ ಎರಡೂ ಕೈಯಲ್ಲಿ ಟ್ಯೂಬ್ ಹಿಡಿದು ಮೊಣಕೈಗಳನ್ನು ಹಿಂದಕ್ಕೆ ಎಳೆಯಿರಿ, ಹೆಗಲ ಮೂಳೆಗಳು ಹತ್ತಿರ ಬರಲಿ. ಮೂರನೇದು: ಗೋಡೆಗೆ ಕೈ ಕೊಟ್ಟು ಪುಷ್‌ಅಪ್, ಆದ್ರೆ ಕೈ ನೇರ ಆದ ಮೇಲೆ ಇನ್ನೂ ಒಂಚೂರು ಗೋಡೆಯನ್ನ ತಳ್ಳಿ, ಬೆನ್ನು ಅಗಲ ಆಗಲಿ. ಒಂದೊಂದೂ 10ರಿಂದ 15 ಸಲ, ಎರಡು ಮೂರು ಸುತ್ತು, ದಿನ ಬಿಟ್ಟು ದಿನ. ನೀರಿಗೆ ಇಳಿಯೋ ಮೊದಲು ಐದಾರು ನಿಮಿಷ ಮರಳಿನ ಮೇಲೆ ನಿಂತು ಕೈ ತಿರುಗಿಸಿ, ಬೆನ್ನು ಎಡಕ್ಕೆ ಬಲಕ್ಕೆ ಹೊರಳಿಸಿ, ಮೊದಲ ಇನ್ನೂರು ಮೀಟರ್ ನಿಧಾನವಾಗಿ ಈಜಿ.

ಮೂರನೇದು ಲೆಕ್ಕ. ಈ ವಾರ ಎಷ್ಟು ಈಜಿದಿರಿ ಅಂತ ಬರೆದಿಡಿ. ಮುಂದಿನ ವಾರ ಅದಕ್ಕಿಂತ ಸ್ವಲ್ಪ, ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಹೆಚ್ಚಿಸಿ. ಇದು ಕಲ್ಲಿನಲ್ಲಿ ಕೆತ್ತಿದ ನಿಯಮ ಅಲ್ಲ, ಆದ್ರೆ ನನ್ನಂಥ ಆತುರಗಾರರಿಗೆ ಮೂಗುದಾರ. ಹದಿನೈದು ದಿನ ಬಿಟ್ಟು ಬಂದ್ರೆ ಬಿಟ್ಟಲ್ಲಿಂದ ಶುರು ಮಾಡಬೇಡಿ, ಹಿಂದಕ್ಕೆ ಬನ್ನಿ. ಲೆಕ್ಕಶಾಸ್ತ್ರದಲ್ಲಿ ಸವಕಳಿ ಅಂತ ಒಂದಿದೆ. ಯಂತ್ರ ಕೊಂಡ ದಿನದಿಂದಲೇ ಅದರ ಬೆಲೆ ಇಳೀತಾ ಹೋಗ್ತದೆ, ಪುಸ್ತಕದಲ್ಲಿ ಬರೆಯದಿದ್ರೂ ಇಳೀತದೆ. ದೇಹಕ್ಕೆ ಒಂದು ಅನುಕೂಲ ಇದೆ: ವಿಶ್ರಾಂತಿ, ಊಟ, ನಿದ್ದೆ ಕೊಟ್ರೆ ಇದು ವಾಪಸ್ ಬಲ ತುಂಬಿಕೊಳ್ತದೆ. ಯಂತ್ರಕ್ಕೆ ಆ ಭಾಗ್ಯ ಇಲ್ಲ.

ಈಗಾಗಲೇ ನೋವು ಬಂದಿದ್ರೆ? ಪೂರ್ತಿ ಕೈ ಕಟ್ಟಿ ಕೂರಬೇಡಿ, ಭುಜ ಇನ್ನೂ ಬಿಗಿ ಆಗ್ತದೆ. ನೋವು ಕೊಡೋ ಚಲನೆಯನ್ನ ಮಾತ್ರ ಕಡಿಮೆ ಮಾಡಿ. ನಾನು ಮೂರು ವಾರ ಫ್ರೀಸ್ಟೈಲ್ ಬಿಟ್ಟೆ. ಗೆಳೆಯನ ಜೊತೆ, ಸೊಂಟದಷ್ಟು ನೀರಿರುವಲ್ಲಿ, ಅಂಗಾತ ಮಲಗಿ ಕಾಲು ಬಡಿಯೋದು ಅಷ್ಟೇ. ನೋವು ಕೆರಳಿದ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ಹದಿನೈದು ನಿಮಿಷ ಇಟ್ರೆ ಹಿತ. ಫಿಸಿಯೋ ಒಂದು ಅಳತೆ ಕೊಟ್ಟರು: ಸೊನ್ನೆಯಿಂದ ಹತ್ತರಲ್ಲಿ ನೋವಿಗೆ ಅಂಕ ಕೊಡಿ. ವ್ಯಾಯಾಮ ಮಾಡುವಾಗ ಎರಡು ಮೂರರ ಒಳಗಿದ್ದು, ಮರುದಿನ ಬೆಳಿಗ್ಗೆಗೆ ಇಳಿದಿದ್ರೆ ಪರವಾಗಿಲ್ಲ. ಅದಕ್ಕಿಂತ ಏರಿದ್ರೆ ಒಂದು ಮೆಟ್ಟಿಲು ಹಿಂದೆ. ಮಾತ್ರೆ ನುಂಗಿ ಈಜಬೇಡಿ. ಮಾತ್ರೆ ಗಾಯ ವಾಸಿ ಮಾಡೋದಿಲ್ಲ, ಗಾಯದ ಬಾಯಿ ಮುಚ್ಚಿಸ್ತದೆ ಅಷ್ಟೆ. ಹಾಗೇ ಗುರುತಿಲ್ಲದವರ ಕೈಲಿ ಭುಜ ಕೊಟ್ಟು ಲಟಕ್ ಅನಿಸಿಕೊಳ್ಳಬೇಡಿ.

ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದ ಸಂದರ್ಭಗಳೂ ಇವೆ. ಬಿದ್ದು ಅಥವಾ ಅಲೆ ಹೊಡೆದು ಭುಜದ ಆಕಾರವೇ ಬದಲಾದ್ರೆ, ಕೈ ಎತ್ತೋದಕ್ಕೇ ಬಾರದಿದ್ರೆ, ಜೋಮು ಹಿಡಿದ್ರೆ, ಶಕ್ತಿ ಇಲ್ಲದಂತಾದ್ರೆ, ಭುಜ ಕೆಂಪಾಗಿ ಜ್ವರ ಬಂದ್ರೆ, ಎರಡು ಮೂರು ವಾರ ಕಾಳಜಿ ಮಾಡಿಯೂ ನೋವು ಇಳಿಯದಿದ್ರೆ. ಇನ್ನು ಎಡ ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ರೆ ಅದು ಈಜಿನ ನೋವು ಅಂತ ಕೂರಬೇಡಿ, 108ಕ್ಕೆ ಫೋನ್ ಮಾಡಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಇಬ್ಬರು ಈಜುಗಾರರೂ ಬೆಂಗಳೂರಿನವರು: ಶ್ರೀಹರಿ ನಟರಾಜ್ ಮತ್ತು ಆಗ ಬರೀ 14 ವರ್ಷದ ಧಿನಿಧಿ ದೇಸಿಂಗು. ಅವರನ್ನ ನೋಡಿ ಈಜಿಗೆ ಇಳಿದ ಮಕ್ಕಳು ನಮ್ಮಲ್ಲೂ ಇದ್ದಾರೆ, ಒಳ್ಳೇದೇ. ಆದ್ರೆ ಆ ಮಟ್ಟದ ಈಜುಗಾರರ ಒಂದೊಂದು ಬೀಸನ್ನೂ ನೋಡೋ ಕೋಚ್ ಇರ್ತಾರೆ. ನಮಗೆ ಇರೋದು ಯೂಟ್ಯೂಬ್ ಮತ್ತು ಹುಮ್ಮಸ್ಸು. ಜಿಲ್ಲೆಗೆ ಒಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಾವೆಲ್ಲ ಫೋನಿನಲ್ಲೇ ಅಭಿಯಾನ ಮಾಡಿದ್ದು ನೆನಪಿರಬಹುದು. ಸ್ವಲ್ಪ ದೊಡ್ಡ ತೊಂದರೆ ಅಂದ್ರೆ ಇವತ್ತಿಗೂ ನಮ್ಮ ಜನ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡ್ತಾರೆ. ಭುಜದ ಆಪರೇಷನ್ ಆಯ್ತು ಅಂದ್ರೆ ಕೂಲಿ ಕೆಲಸದವರಿಗೆ ತಿಂಗಳುಗಟ್ಟಲೆ ಸಂಪಾದನೆ ಇಲ್ಲ. ಅದಕ್ಕೇ ಹೇಳೋದು, ನಮ್ಮಂಥ ಊರಿನಲ್ಲಿ ಭುಜ ಪಿಸುಗುಟ್ಟಿದಾಗಲೇ ಕೇಳಿಸಿಕೊಳ್ಳೋದು ಎಲ್ಲಕ್ಕಿಂತ ಅಗ್ಗದ ಔಷಧಿ.

ಸಮುದ್ರದ ಬಗ್ಗೆ ಎರಡು ಮಾತು. ಒಬ್ಬರೇ ಹೋಗಬೇಡಿ. ಮಳೆಗಾಲದಲ್ಲಿ ಬೇಡವೇ ಬೇಡ. ಆಳ ಸಮುದ್ರ ಗೊತ್ತಿರೋ ಯಾಂತ್ರಿಕ ದೋಣಿಗಳೇ ಜೂನ್, ಜುಲೈನಲ್ಲಿ 61 ದಿನ ದಡದಲ್ಲಿ ನಿಲ್ತವೆ. ಸೆಳೆತಕ್ಕೆ ಸಿಕ್ಕಿದ್ರೆ ಅದರ ಎದುರು ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಭುಜ ನೋಯ್ತಾ ಇದ್ರೆ ಅವತ್ತು ದಡದಲ್ಲೇ ಕೂತು ಚಹಾ ಕುಡೀರಿ. ಪೂಲ್‌ನಲ್ಲಿ ಕೈ ಸೋತ್ರೆ ಗೋಡೆ ಹಿಡೀಬಹುದು. ಸಮುದ್ರಕ್ಕೆ ಗೋಡೆ ಇಲ್ಲ.

ನನ್ನ ಕಥೆ ಮುಗಿಸ್ತೇನೆ. ಮೂರು ವಾರ ಆದ ಮೇಲೆ ಇನ್ನೂರು ಮೀಟರಿನಿಂದ ಶುರು ಮಾಡಿದೆ. ಒಂದು ಕಿಲೋಮೀಟರ್ ಮುಟ್ಟೋದಕ್ಕೆ ಮತ್ತೆ ಮೂರು ತಿಂಗಳು ಬೇಕಾಯ್ತು. ಈಗ ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಕಿಲೋಮೀಟರ್, ದೋಣಿಯಲ್ಲಿ ಗೆಳೆಯ. ಸ್ಟೇಟಸ್ ಹಾಕೋದು ಬಿಟ್ಟಿದ್ದೇನೆ.

ಅಪ್ಪನ ಭುಜ ಪೂರ್ತಿ ಸರಿ ಆಗ್ತದೆ ಅಂತ ಫಿಸಿಯೋ ಯಾವತ್ತೂ ಹೇಳಲಿಲ್ಲ. ತುಂಬಾ ತಡವಾಗಿದೆ ಅಂದ್ರು, ಆದ್ರೂ ಸ್ವಲ್ಪ ಸಿಗ್ತದೆ ಅಂದ್ರು. ದಿನ ಬಿಟ್ಟು ದಿನ ಸಂಜೆ ನಾವಿಬ್ಬರೂ ಜಗಲಿಯಲ್ಲಿ ಒಂದೇ ಕಿಟಕಿಗೆ ಎರಡು ಟ್ಯೂಬ್ ಕಟ್ಟಿಕೊಂಡು ನಿಲ್ತೇವೆ. ಅವರು ಎಣಿಸ್ತಾರೆ, ಬಲೆ ಎಳೆಯುವಾಗ ಎಣಿಸಿದ ಹಾಗೆ ಜೋರಾಗಿ. ನಾನು ಹನ್ನೆರಡಕ್ಕೆ ನಿಲ್ಲಿಸಿದ್ರೆ ಬೈತಾರೆ. ಕಳೆದ ತಿಂಗಳು ಅಮ್ಮ ಗೋಡೆಯ ಗೂಟವನ್ನ ಒಂದು ಅಡಿ ಕೆಳಗೆ ಹೊಡೆಸಿದಳು. ಅಪ್ಪನ ಅಂಗಿ ಈಗ ಅಲ್ಲೇ ಇರ್ತದೆ.

ನಿಮ್ಮ ಮನೆಯಲ್ಲೂ ಯಾರಾದ್ರೂ ಅಂಗಿಯನ್ನ ಕುರ್ಚಿಯ ಮೇಲೆ ಹಾಕ್ತಿದ್ರೆ, ಒಂದು ಸಲ ಕೈ ಎತ್ತಿ ತೋರಿಸು ಅಂತ ಕೇಳಿ. ಇವತ್ತಿಗೆ ಇಷ್ಟೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ಳಿ.